ಕೋರ್ಟೋ ಚೌಕಿಯೋ ಅಂತ ಆ ಹುಡುಗಿಯನ್ನು ಕೇಳಬೇಡಿ

ಕಳೆದ ಶನಿವಾರ ಮಧ್ಯಾಹ್ನ ಕಾರವಾರದಲ್ಲಿ ಅಕ್ಕನ ಮಗಳ ಬ್ಯಾಸ್ಕೆಟ್‌ಬಾಲ್ ಮ್ಯಾಚ್. ಅದೇ ರಾತ್ರಿ ಹೊನ್ನಾವರದ ಹತ್ತಿರದ ಒಂದು ಊರಲ್ಲಿ ಯಕ್ಷಗಾನ, ಅದರಲ್ಲಿ ಅವಳದ್ದು ಅಭಿಮನ್ಯು ಪಾತ್ರ. ಮ್ಯಾಚ್ ಮುಗಿದಾಗ ನಾಲ್ಕೂವರೆ. ಜೆರ್ಸಿ ಕೂಡ ಬದಲಿಸದೆ ಕಾರು ಹತ್ತಿದಳು. ಎಡಮಂಡಿಯ ಮೇಲೆ ಐಸ್ ಪ್ಯಾಕ್, ಕೈಯಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಬರೆದುಕೊಂಡ ನೋಟ್‌ಬುಕ್. ಅಂಕೋಲಾ ಬರುವವರೆಗೂ ಮಾತು ಹೇಳಿಕೊಳ್ಳುತ್ತಿದ್ದಳು. ಮಿರ್ಜಾನ್ ಹತ್ತಿರ ತಿರುಗಿ ನೋಡಿದರೆ ನೋಟ್‌ಬುಕ್ ಕೆಳಗೆ ಬಿದ್ದಿತ್ತು. ಹುಡುಗಿಗೆ ಗಾಢ ನಿದ್ದೆ.

ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಅವಳು ಬಣ್ಣಕ್ಕೆ ಕೂತಿದ್ದಾಗ ನಮ್ಮ ಕಡೆಯ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ತಂಗೀ, ಎರಡು ದೋಣಿ ಮೇಲೆ ಕಾಲು ಇಡಿಸಬೇಡಿ ಅವಳಿಗೆ. ಯಾವುದಾದರೂ ಒಂದನ್ನ ಸರಿಯಾಗಿ ಮಾಡಲಿ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅದು ಗೊತ್ತು. ಆದರೆ ಆ ಮಾತು ನಾಲ್ಕು ದಿನದಿಂದ ತಲೆಯಲ್ಲಿ ಕೂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಇದೇ ಮಾತನ್ನು ನಾನೂ ಕೇಳಿದವಳು. ಪಿಯುಸಿಯಲ್ಲಿ ನಾನು ಕಾಲೇಜು ತಂಡಕ್ಕೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದೆ, ನಾಟಕದಲ್ಲೂ ಇದ್ದೆ. ಒಂದು ದಿನ ಆಟದ ಮೇಷ್ಟ್ರು ಎಲ್ಲರ ಎದುರಿಗೆ ನಿಲ್ಲಿಸಿ, ಕೋರ್ಟ್ ಬೇಕೋ ನಾಟಕ ಬೇಕೋ ನಾಳೆಯೊಳಗೆ ಹೇಳು ಅಂದರು. ಕೋರ್ಟ್ ಅಂದೆ. ಎರಡು ವರ್ಷ ಕಳೆದ ಮೇಲೆ ರಿಬೌಂಡ್‌ಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡಿಗೆ, ನೆಗೆದು ಇಳಿಯುವಾಗ ಮಂಡಿಯೊಳಗೆ ಟಪ್ ಅಂತು. ಮಂಡಿಯ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನುವ ಲಿಗಮೆಂಟ್ ಹರಿದಿತ್ತು. ನೆಗೆದು ಇಳಿಯುವಾಗ, ಓಡುತ್ತ ಗಕ್ಕನೆ ತಿರುಗುವಾಗ ಹರಿಯುವುದು ಇದೇ. ಇಂಥ ಆಟಗಳಲ್ಲಿ ಈ ಪೆಟ್ಟು ಹುಡುಗರಿಗಿಂತ ಹುಡುಗಿಯರಿಗೆ ಜಾಸ್ತಿ. ಆಟ ಅಲ್ಲಿಗೆ ನಿಂತಿತು. ನಾಟಕದ ತಂಡದಲ್ಲಿ ಆಗಲೇ ಬೇರೆಯವರಿದ್ದರು. ಒಂದನ್ನು ಆರಿಸಿಕೊಂಡು ನಾನು ಎರಡನ್ನೂ ಕಳೆದುಕೊಂಡೆ.

ಎರಡನ್ನೂ ಮಾಡಿದವರು ಇಲ್ಲವಾ? ಅಮೆರಿಕದ ಎನ್‌ಬಿಎ ಲೀಗಿನ ಬ್ಯಾಸ್ಕೆಟ್‌ಬಾಲ್ ಆಟಗಾರ ಕರೀಮ್ ಅಬ್ದುಲ್ ಜಬ್ಬಾರ್ ಏಳಡಿ ಎರಡಿಂಚಿನ ಆಳು. 1980ರಲ್ಲಿ 'ಏರ್‌ಪ್ಲೇನ್' ಸಿನಿಮಾದಲ್ಲಿ ಸಹ ಪೈಲಟ್ ಪಾತ್ರ ಮಾಡಿದರು. ಅದರಲ್ಲಿ ಒಬ್ಬ ಹುಡುಗ ಅವರ ಗುರುತು ಹಿಡಿದು, ನೀವು ಡಿಫೆನ್ಸ್‌ನಲ್ಲಿ ಸರಿಯಾಗಿ ಕಷ್ಟಪಡಲ್ಲ ಅಂತ ಅಪ್ಪ ಹೇಳ್ತಾರೆ ಅನ್ನುತ್ತಾನೆ. ಆಟಗಾರ ನಟಿಸಿದರೆ ಜನ ಏನು ಆಡಿಕೊಳ್ಳುತ್ತಾರೋ ಅದನ್ನೇ ಸಿನಿಮಾದವರು ಮಗುವಿನ ಬಾಯಲ್ಲಿ ಇಟ್ಟಿದ್ದಾರೆ ಅನಿಸುತ್ತದೆ ನನಗೆ. ಅಂಥ ಕರೀಮ್ ಅದಾದ ಮೇಲೂ ಒಂಬತ್ತು ವರ್ಷ ಆಡಿದರು. 1989ರಲ್ಲಿ ನಿವೃತ್ತಿ ಆದಾಗ ವಯಸ್ಸು 42, ಒಟ್ಟು ಅಂಕ 38,387. 2023ರಲ್ಲಿ ಲೆಬ್ರಾನ್ ಜೇಮ್ಸ್ ದಾಟುವವರೆಗೆ ಲೀಗಿನಲ್ಲಿ ಅತಿ ಹೆಚ್ಚು ಅಂಕದ ಆ ದಾಖಲೆಯನ್ನು ಯಾರೂ ಮುರಿದಿರಲಿಲ್ಲ. ನಮ್ಮ ದೇಶದಲ್ಲೇ ಪ್ರಾಚಿ ತೆಹ್ಲಾನ್ ಇದ್ದಾರೆ. ಬ್ಯಾಸ್ಕೆಟ್‌ಬಾಲ್ ಆಡಿ ಬೆಳೆದವರು, 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ನೆಟ್‌ಬಾಲ್ ತಂಡದ ನಾಯಕಿ. ಆಮೇಲೆ ಧಾರಾವಾಹಿ, 2019ರಲ್ಲಿ ಮಲಯಾಳಂ ಸಿನಿಮಾ.

ಅಷ್ಟು ದೂರ ಯಾಕೆ, ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನೇ ನೋಡಿ. 1934ರಿಂದ ಇಡಗುಂಜಿ ಯಕ್ಷಗಾನ ಮೇಳ ಇರುವ ನೆಲ ಇದು. ಯಕ್ಷಗಾನ ಕಲಾವಿದ ಚಿತ್ತಾಣಿ ರಾಮಚಂದ್ರ ಹೆಗಡೆಯವರು ಎಂಬತ್ತರ ಹತ್ತಿರವೂ ಗೆಜ್ಜೆ ಕಟ್ಟಿದವರು. ಕೋರ್ಟು ಹೆಚ್ಚಿನವರಿಗೆ ಮೂವತ್ತೈದಕ್ಕೆ ಬಾಗಿಲು ಹಾಕುತ್ತದೆ, ರಂಗಸ್ಥಳ ಹಾಗಲ್ಲ. ಹದಿನಾರರ ಹುಡುಗಿಗೆ ಇವತ್ತೇ ಒಂದನ್ನು ಬಿಡು ಅನ್ನುವ ಅವಸರ ಏನಿದೆ?

ಎರಡೂ ಒಂದಕ್ಕೊಂದು ತೊಡಕಾಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆಗುತ್ತದೆ, ಕಣ್ಣಾರೆ ನೋಡಿದ್ದೇನೆ. ಅವಳ ಗುರುಗಳು ಮೊದಲ ದಿನದಿಂದ ಹೇಳಿಕೊಟ್ಟಿದ್ದು, ಕೈ ಹೋದಲ್ಲಿ ಕಣ್ಣು ಹೋಗಬೇಕು ಅಂತ. ಕೋರ್ಟಿನಲ್ಲಿ ಇದು ಪೂರ್ತಿ ಉಲ್ಟಾ. ಕಣ್ಣು ಎಡಕ್ಕೆ, ಪಾಸ್ ಬಲಕ್ಕೆ. ಶನಿವಾರ ಎರಡನೇ ಕ್ವಾರ್ಟರ್‌ನಲ್ಲಿ ಪಾಸ್ ಕೊಡುವ ಮೊದಲೇ ಅವಳ ಕಣ್ಣು ಕೈ ಹಿಂದೆ ಹೋಯಿತು, ಎದುರಿನ ಹುಡುಗಿ ಚೆಂಡು ಕಿತ್ತುಕೊಂಡು ಓಡಿದಳು. ಕೋಚ್ ತಲೆ ಮೇಲೆ ಕೈ ಇಟ್ಟುಕೊಂಡರು.

ಆದರೆ ಫ್ರೀ ಥ್ರೋ, ಅಂದರೆ ಎದುರಾಳಿಯ ಫೌಲಿಗೆ ಸಿಗುವ ಅಡ್ಡಿ ಇಲ್ಲದ ಎಸೆತ, ಬಂದಾಗ ನೋಡಬೇಕಿತ್ತು. ರೆಫರಿ ಚೆಂಡು ಕೊಟ್ಟ ಮೇಲೆ ಐದು ಸೆಕೆಂಡು ಅಷ್ಟೇ. ಸುತ್ತ ಕೂಗಾಟ. ಅವಳು ಚೆಂಡನ್ನು ಮೂರು ಸಲ ನೆಲಕ್ಕೆ ಬಡಿದು ಉಸಿರು ಬಿಟ್ಟು ಎಸೆದಳು. ಎರಡೂ ಒಳಗೆ. ಆಮೇಲೆ ಕೇಳಿದರೆ, "ಪ್ರವೇಶಕ್ಕೆ ಮುಂಚೆ ಪರದೆ ಹಿಂದೆ ನಿಂತ ಹಾಗೇ ಚಿಕ್ಕಿ, ಮನಸ್ಸಲ್ಲೇ ತಾಳ ಹಾಕ್ಕೊಂಡೆ" ಅಂದಳು.

ಇನ್ನು ನಮ್ಮ ಮಳೆಗಾಲ. ಜೂನ್ ಬಂತೆಂದರೆ ಬಯಲು ಕೋರ್ಟಿಗೆ ಪಾಚಿ. ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ಕಡ್ಡಿಯ ಪೊರಕೆಯಲ್ಲಿ ತಿಕ್ಕಿದರೂ ಮಾರನೇ ದಿನ ಮತ್ತೆ ಜಾರುತ್ತದೆ. ಆ ತಿಂಗಳುಗಳಲ್ಲಿ ಅವಳ ಕಾಲಿನ ಶಕ್ತಿ ಉಳಿದಿದ್ದೇ ಗುರುಗಳ ಮನೆಯ ಜಗಲಿಯ ಕುಣಿತದಿಂದ. ಇದನ್ನು ಕೋಚೇ ನನಗೆ ಹೇಳಿದರು.

ನನಗೆ ನಿಜವಾಗಿ ಭಯ ಇರುವುದು ಮಂಡಿಯದ್ದು. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ಬಡಗುತಿಟ್ಟಿನಲ್ಲಿ ಮಂಡಿ ಕುಣಿತ ಇದೆಯಲ್ಲ, ಮಂಡಿಯೂರಿ ಗಿರಗಿರ ತಿರುಗುವುದು. ಅಭಿಮನ್ಯುವಿಗೆ ಜನ ಅದನ್ನೇ ಕಾಯುತ್ತಾರೆ, ಶಿಳ್ಳೆ ಬೀಳುವುದೂ ಅಲ್ಲೇ. ನಲವತ್ತು ನಿಮಿಷದ ಮ್ಯಾಚ್ ಆಡಿದ ಮಂಡಿ ಅದೇ ರಾತ್ರಿ ಅದನ್ನು ತಡೆಯಬೇಕು.

ಆ ರಾತ್ರಿ ಕೇದಗೆ ಮುಂದಲೆ ಅನ್ನುವ ತಲೆಯ ವೇಷ ಕಟ್ಟಿ ಆಗಿತ್ತು. ಗೆಜ್ಜೆ ಕಟ್ಟಲು ಅವಳು ಕಾಲು ಚಾಚಿದಳು. ಪಾದದ ಗಂಟಿನ ಮೇಲೆ ಮ್ಯಾಚಿನ ಟೇಪ್ ಕಿತ್ತ ಕೆಂಪು ಗೆರೆ ಇನ್ನೂ ಇತ್ತು, ಎಡಮಂಡಿ ಸ್ವಲ್ಪ ಊದಿತ್ತು. ಗುರುಗಳು ಬಗ್ಗಿ ನೋಡಿದರು. ಬೆರಳಿನಿಂದ ಮೆಲ್ಲಗೆ ಒತ್ತಿದರು. ಅವಳು ಮುಖ ಹಿಂಡಲಿಲ್ಲ, ಆದರೆ ಉಸಿರು ಹಿಡಿದಳು. "ಇವತ್ತು ಮಂಡಿ ಬೇಡ ಮಗಾ. ನಿಂತೇ ಕುಣಿ. ಭಾಗವತರಿಗೆ ನಾನು ಹೇಳ್ತೇನೆ" ಅಂದರು. ಅಷ್ಟೇ. ಯಾಕೆ ಮ್ಯಾಚಿಗೆ ಹೋದೆ ಅಂತ ಕೇಳಲಿಲ್ಲ.

ನನಗೆ ಅಲ್ಲೇ ಅಳು ಬಂತು. ನಾನು ಆಡುತ್ತಿದ್ದ ಕಾಲದಲ್ಲಿ ಒಬ್ಬರಾದರೂ ಹೀಗೆ ಬಗ್ಗಿ ನನ್ನ ಮಂಡಿ ನೋಡಿದ್ದರೆ ಅನಿಸಿತು.

ಅವಳು ನಿಂತೇ ಕುಣಿದಳು. ಚಕ್ರವ್ಯೂಹದ ಒಳಗೆ ಒಬ್ಬಳೇ ಆದಾಗ ಆ ಎತ್ತರದ ಹುಡುಗಿ ರಂಗದ ತುಂಬ ನೆಗೆದಿದ್ದು ನೋಡಿ ಮುಂದೆ ಕೂತ ಮಕ್ಕಳು ಹಿಂದೆ ಸರಿದರು. 'ಇಷ್ಟು ಉದ್ದ ಆದರೆ ಮುಂದೆ ಹೇಗೆ' ಅಂತ ಮದುವೆ ಮನೆಗಳಲ್ಲಿ ಕೇಳುತ್ತಾರಲ್ಲ, ಅದೇ ಎತ್ತರ.

ಹಾಗಾಗಿ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೇ. ಅವಳನ್ನು ಯಾವುದು ಬೇಕು ಅಂತ ಕೇಳಬೇಡಿ. ಮ್ಯಾಚ್ ಇದ್ದ ದಿನ ಯಕ್ಷಗಾನದ ಆಟ ಇಡಬೇಡಿ, ಒಂದು ದಿನ ಅಂತರ ಕೊಡಿ. ತಾರೀಕು ಗೊತ್ತಾದ ಕೂಡಲೇ ಕೋಚೂ ಗುರುಗಳೂ ಒಬ್ಬರಿಗೊಬ್ಬರು ಫೋನ್ ಮಾಡಲಿ. ಇಬ್ಬರ ನಂಬರನ್ನೂ ನಾನೇ ಇಬ್ಬರಿಗೂ ಕೊಟ್ಟಿದ್ದೇನೆ.

ಇನ್ನೊಂದು ವಿಷಯ. ಕಚ್ಚೆಯ ಒಳಗೆ ಹೊರಗೆ ಕಾಣದ ಹಾಗೆ, ಕುಣಿಯುವಾಗ ಜಾರದ ಹಾಗೆ ಮಂಡಿಗೆ ಪ್ಯಾಡ್ ಹೊಲಿದುಕೊಡುವವರು ಕುಮಟಾ, ಹೊನ್ನಾವರ, ಸಿರ್ಸಿ ಕಡೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಅಳತೆ ತೆಗೆದು ಇಟ್ಟಿದ್ದೇನೆ.