ಸತ್ಯಾಂಶ: ಫ್ಯಾನ್ ನಿಧಾನ ಮಾಡಿದರೆ ಕರೆಂಟ್ ಉಳಿಯುತ್ತದೆಯೇ?

"ಫ್ಯಾನ್ ಒಂದರಲ್ಲಿಡಿ, ಐದರಲ್ಲಿಡಿ, ಬಿಲ್ ಅಷ್ಟೇ ಬರುತ್ತದೆ, ಉಳಿದಿದ್ದನ್ನು ರೆಗ್ಯುಲೇಟರ್ ತಿನ್ನುತ್ತದೆ" ಅನ್ನೋ ಮೆಸೇಜ್ ಓಡಾಡುತ್ತಿರುತ್ತದೆ. ಇದು ತಪ್ಪು.

ಈ ಮಾತಿಗೆ ಆಧಾರ ಹಳೇ ದಪ್ಪ ಡಬ್ಬಿಯ ರೆಗ್ಯುಲೇಟರ್. ಅದರೊಳಗಿನ ರೆಸಿಸ್ಟೆನ್ಸ್ ತಂತಿ ಬಿಸಿಯಾಗಿ ಒಂದಿಷ್ಟು ಕರೆಂಟ್ ಸುಮ್ನೆ ಹೋಗುತ್ತಿತ್ತು, ನಿಜ. ಆಗಲೂ ವೇಗ ಇಳಿಸಿದರೆ ಒಟ್ಟು ಬಳಕೆ ಸ್ವಲ್ಪ ಇಳಿಯುತ್ತಿತ್ತು.

ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಬೇರೆ. ಹಲವುಗಳಲ್ಲಿ ಟ್ರಯಾಕ್ ಅನ್ನೋ ಸೆಮಿಕಂಡಕ್ಟರ್ ಸ್ವಿಚ್ ಇರುತ್ತದೆ. ನಮ್ಮ 50 ಹರ್ಟ್ಜ್ ಎಸಿ (ದಿಕ್ಕು ಬದಲಿಸುತ್ತಾ ಹರಿಯುವ) ಕರೆಂಟ್‌ನಲ್ಲಿ ಸೆಕೆಂಡಿಗೆ 100 ಅರ್ಧ ಅಲೆಗಳು ಬರುತ್ತವೆ, ಅಲ್ವಾ? ಪ್ರತಿ ಅರ್ಧ ಅಲೆಯಲ್ಲೂ ಟ್ರಯಾಕ್ ಸ್ವಲ್ಪ ತಡವಾಗಿ ಆನ್ ಆಗುತ್ತದೆ, ತಡ ಜಾಸ್ತಿ ಆದಷ್ಟೂ ಫ್ಯಾನಿಗೆ ಸಿಗುವ ಪವರ್ ಕಡಿಮೆ. ಆಫ್ ಇದ್ದಾಗ ಅದರಲ್ಲಿ ಕರೆಂಟ್ ಹೆಚ್ಚುಕಮ್ಮಿ ಹರಿಯುವುದೇ ಇಲ್ಲ, ಆನ್ ಇದ್ದಾಗ ಅದರ ಮೇಲೆ ಉಳಿಯುವುದು ಒಂದೆರಡು ವೋಲ್ಟ್ ಮಾತ್ರ, ಹಾಗಾಗಿ ಬಿಸಿಯಾಗಿ ಹಾಳಾಗುವ ಕರೆಂಟ್ ತೀರಾ ಕಡಿಮೆ. ಹೆಜ್ಜೆ ಹೆಜ್ಜೆಯಾಗಿ ತಿರುಗುವ ರೆಗ್ಯುಲೇಟರ್‌ಗಳಲ್ಲಿ ಸಾಮಾನ್ಯವಾಗಿ ಕೆಪಾಸಿಟರ್ ಇರುತ್ತದೆ, ಅದೂ ಹೆಚ್ಚು ತಿನ್ನುವುದಿಲ್ಲ.

ಇನ್ನೂ ಉಳಿಸಬೇಕಾದರೆ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟರ್ ಇರುವ) ಫ್ಯಾನ್ ನೋಡಿ. ಮಾಮೂಲಿ ಫ್ಯಾನ್ ಪೂರ್ತಿ ವೇಗದಲ್ಲಿ ಸುಮಾರು 75 ವ್ಯಾಟ್ ಎಳೆದರೆ ಇದು ಸುಮಾರು 30 ವ್ಯಾಟ್. ವೇಗ ನೋಡಿಕೊಳ್ಳುವ ಮಾಸ್‌ಫೆಟ್ ಅನ್ನೋ ಸೆಮಿಕಂಡಕ್ಟರ್ ಸ್ವಿಚ್‌ಗಳು ಫ್ಯಾನಿನೊಳಗೇ ಇರುತ್ತವೆ, ಆದ್ದರಿಂದ ಅದನ್ನು ಗೋಡೆಯ ರೆಗ್ಯುಲೇಟರ್‌ಗೆ ಸೇರಿಸಬೇಡಿ.