ಕಾಲ್ ಮಾಡಿದಾಗ 5ಜಿ ಹೋಗಿ 4ಜಿ ಬಂದರೆ ಅದು ಮೋಸವಲ್ಲ

'ಫೋನ್ ಮಾಡಿದ ಕೂಡಲೇ 5ಜಿ ಮಾಯವಾಗಿ 4ಜಿ ಬರುತ್ತದೆ. ಕಂಪನಿಯವರು ಬೇಕಂತಲೇ ಇಳಿಸುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ 5ಜಿ ಮಾತ್ರ ಅಂತ ಇಟ್ಟುಬಿಡಿ' ಎಂಬ ಮೆಸೇಜ್ ಓಡಾಡುತ್ತಿದೆ. ಇಳಿಯುವುದು ನಿಜ. ಕಾರಣ ಮಾತ್ರ ತಪ್ಪು.

ನಮ್ಮ ದೇಶದಲ್ಲಿ 5ಜಿ ಶುರುವಾಗಿದ್ದು 2022ರ ಅಕ್ಟೋಬರ್‌ನಲ್ಲಿ. ಅದರಲ್ಲಿ ಎರಡು ಬಗೆ. ಒಂದರಲ್ಲಿ ಫೋನಿನ ಬೇರು 4ಜಿಯಲ್ಲೇ ಇರುತ್ತದೆ, 5ಜಿ ಅದರ ಮೇಲೆ ಡೇಟಾ ಸಾಗಿಸುತ್ತದೆ ಅಷ್ಟೆ. ಮಾತು ವೋಲ್ಟೆಯಲ್ಲೇ, ಅಂದರೆ 4ಜಿ ಮೂಲಕ ಕಾಲ್ ಸಾಗಿಸುವ ವ್ಯವಸ್ಥೆಯಲ್ಲೇ ನಡೆಯುತ್ತದೆ. ಇನ್ನೊಂದರಲ್ಲಿ 5ಜಿ ತನ್ನ ಕಾಲ ಮೇಲೆ ತಾನೇ ನಿಂತಿರುತ್ತದೆ. ಅಲ್ಲಿಯೂ 5ಜಿಯಲ್ಲೇ ಮಾತಾಡುವ ಸೌಲಭ್ಯ ಟವರ್‌ನಲ್ಲಿ ಅಥವಾ ಫೋನ್‌ನಲ್ಲಿ ಇಲ್ಲದಿದ್ದರೆ, ಕಾಲ್ ಬಂದ ತಕ್ಷಣ ಫೋನನ್ನು 4ಜಿಗೆ ಕಳಿಸುತ್ತಾರೆ. ಮಾತು ಮುಗಿದ ಮೇಲೆ ಸಾಮಾನ್ಯವಾಗಿ ಅದೇ ವಾಪಸ್ ಬರುತ್ತದೆ.

ಕಾಲ್ ಇಲ್ಲದಿದ್ದರೂ ಬದಲಾಗುತ್ತದಲ್ವಾ? ಹೌದು. ಬಳಕೆಯಲ್ಲಿರುವಾಗ ಫೋನ್ ಸುತ್ತಲಿನ ಸಿಗ್ನಲ್ ಅಳೆದು ಟವರ್‌ಗೆ ವರದಿ ಕೊಡುತ್ತದೆ. ಎಲ್ಲಿ ಕೂರಿಸಬೇಕು ಎಂದು ತೀರ್ಮಾನಿಸುವುದು ನೆಟ್‌ವರ್ಕ್. ಸಿಗ್ನಲ್ ಜೊತೆಗೆ ಟವರ್ ಮೇಲಿನ ಜನಸಂದಣಿಯನ್ನೂ ನೋಡಬಹುದು. 3,500 ಮೆಗಾಹರ್ಟ್ಸ್ ಸುತ್ತಮುತ್ತಲಿನ 5ಜಿ ಅಲೆ ಗೋಡೆ ದಾಟಲು ತಿಣುಕುತ್ತದೆ. ಹಾಲ್‌ನಲ್ಲಿ 5ಜಿ, ಅಡುಗೆಮನೆಗೆ ಹೋದರೆ 4ಜಿ!

ಇನ್ನು ಆ 'ಪರಿಹಾರ'. ದಯವಿಟ್ಟು ಬೇಡ. ಮೊದಲ ಬಗೆಯ 5ಜಿ ಇರುವ ಕಡೆ 4ಜಿ ಬಂದ್ ಮಾಡಿದರೆ ಸಿಗ್ನಲ್ಲೇ ಸಿಗುವುದಿಲ್ಲ, ಮನೆಯವರ ಕಾಲ್ ಕೂಡ ಬರುವುದಿಲ್ಲ. 'ಆಟೋ' ಎಂದಿರುವುದನ್ನು ಸುಮ್ನೆ ಹಾಗೇ ಬಿಡಿ.