ಚೇಳಿನ ವಿಷ ಆಸಿಡ್ ಅಲ್ಲ, ಸೋಡಾದಿಂದ ಇಳಿಯಲ್ಲ

ಚೇಳಿನ ವಿಷ ಒಂಥರಾ ಆಸಿಡ್ಡು, ಅಡುಗೆ ಸೋಡಾ ಕಲಸಿ ಹಚ್ಚಿದ್ರೆ ಐದೇ ನಿಮಿಷದಲ್ಲಿ ಇಳಿದುಹೋಗುತ್ತೆ ಅಂತ ಒಂದು ಮೆಸೇಜ್ ಫಾರ್ವರ್ಡ್ ಆಗ್ತಾ ಇದೆ. ಇದು ತಪ್ಪು, ದಯವಿಟ್ಟು ನಂಬಬೇಡಿ.

ಆ ವಿಷದಲ್ಲಿ ಮುಖ್ಯವಾಗಿ ಕೆಲಸ ಮಾಡೋದು ಪುಟ್ಟ ಪುಟ್ಟ ಪ್ರೋಟೀನ್‌ಗಳು. ಆಲ್ಫಾ ಟಾಕ್ಸಿನ್ ಅನ್ನೋದನ್ನೇ ತಗೊಳ್ಳಿ, ಪ್ರೋಟೀನ್ ಕಟ್ಟೋ ಚಿಕ್ಕ ಘಟಕಗಳಾದ ಸುಮಾರು 60ರಿಂದ 70 ಅಮೈನೋ ಆಸಿಡ್‌ಗಳ ಒಂದು ಸರ, ಅದು ಮಡಚಿಕೊಂಡು ಗಂಧಕದ 4 ಬಂಧಗಳಿಂದ ಬಿಗಿಯಾಗಿ ಹೊಲಿದ ಹಾಗೆ ಇರುತ್ತೆ, ಅದಕ್ಕೇ ಅಷ್ಟು ಸುಲಭಕ್ಕೆ ಬಿಚ್ಚಿಕೊಳ್ಳಲ್ಲ. ನರಕೋಶದ ಮೇಲೆ ಸೋಡಿಯಂ ಒಳಗೆ ಬಿಡೋ ಚಾನೆಲ್, ಅಂದ್ರೆ ಪುಟ್ಟ ಬಾಗಿಲಿನ ಥರದ್ದು, ಇರುತ್ತಲ್ಲ, ಅದು ತೆರೆದು ಒಂದೆರಡು ಮಿಲಿಸೆಕೆಂಡ್‌ನಲ್ಲೇ ಮುಚ್ಕೋಬೇಕು, ಈ ಟಾಕ್ಸಿನ್ ಹೋಗಿ ಅಂಟಿಕೊಂಡ್ರೆ ಬೇಗ ಮುಚ್ಚೋಕಾಗಲ್ಲ, ನರ ಸುಮ್ನೆ ಸಿಗ್ನಲ್ ಕಳಿಸ್ತಾನೇ ಇರುತ್ತೆ. ವಿಪರೀತ ನೋವು, ಬೆವರು, ಕೆಲವರಿಗೆ ಬಿಪಿ ಏರೋದು, ಹಾರ್ಟಿಗೆ ತೊಂದರೆ ಆಗೋದು ಎಲ್ಲಾ ಇದರಿಂದಲೇ.

ಕೊಂಡಿ ಚುಚ್ಚಿದ್ದು ಚರ್ಮದೊಳಗೆ, ಸೋಡಾ ಇರೋದು ಮೇಲೆ, ಅಲ್ಲಿಗೆ ತಲುಪೋದೇ ಇಲ್ಲ. ತಲುಪಿದ್ರೂ ಚಾನೆಲ್‌ಗೆ ಅಂಟಿದ ಪ್ರೋಟೀನನ್ನ ಬಿಡಿಸಲ್ಲ. ಕುಯ್ಯೋದು, ಬಾಯಲ್ಲಿ ಹೀರೋದು, ಬಿಗಿಯಾಗಿ ಕಟ್ಟೋದು ಕೂಡ ಬೇಡ. ಸೋಪು ನೀರಲ್ಲಿ ತೊಳೆದು, ಬಟ್ಟೆ ಸುತ್ತಿದ ಐಸ್ ಇಟ್ಟು ಆಸ್ಪತ್ರೆಗೆ ಹೊರಡಿ, ಅದರಲ್ಲೂ ಕುಟುಕಿಸಿಕೊಂಡಿದ್ದು ಮಗು ಆದ್ರೆ ಒಂದು ಕ್ಷಣನೂ ಕಾಯಬೇಡಿ.